ರಸ್ತೆಯಿಲ್ಲದ ಸ್ಟೇಷನ್

"ಲೈಸೆನ್ಸ್ ನಂಬರ್ ಹೇಳಪಾ ಉಪೇಂದ್ರ," ಎಂದ ವಿಷ್ಣು, ಲ್ಯಾಪ್‌ಟಾಪಿನಿಂದ ಕಣ್ಣು ಕೀಳದೆ. "ಮೇನ್ ಡ್ರೈವರ್ ಅಂತ ನಿಂದ ಹೆಸರು ಹಾಕೀನಿ. ಇದೊಂದು ಬಾಕ್ಸ್ ತುಂಬಿದ್ರ ಗಾಡಿ ನಮ್ದು."

ಮೇ ತಿಂಗಳ ಶನಿವಾರ, ಬೆಳಗಿನ ಹತ್ತೂವರೆ. ಅಮೆರಿಕದ ಮಿಶಿಗನ್ನಿನ ಕ್ಯಾಂಟನ್‌ನಲ್ಲಿ ವಿಷ್ಣುವಿನ ಮನೆಯ ಊಟದ ಮೇಜಿನ ಮೇಲೆ ಉಪ್ಪಿಟ್ಟಿನ ತಟ್ಟೆಗಳು ಬರಿದಾಗಿ ಒಂದರ ಮೇಲೊಂದು ಕೂತಿದ್ದವು. ಗೋಡೆಯ ಟಿವಿಯಲ್ಲಿ ಸ್ಕಾಟ್ಲೆಂಡಿನ ನಕಾಶೆ. ಎಡಿನ್‌ಬರೋದಿಂದ ಹೊರಟ ನೀಲಿ ಗೆರೆ ಗ್ಲೆನ್ ಕೋ ಕಣಿವೆ ದಾಟಿ, ಸ್ಕೈ ದ್ವೀಪ ಮುಟ್ಟಿ, ಇನ್ವರ್ನೆಸ್ ಮೇಲೆ ಸುತ್ತಿ ಮತ್ತೆ ಎಡಿನ್‌ಬರೋಗೇ ಬಂದು ಸೇರಿತ್ತು. ಐದು ದಿನ, ಸುಮಾರು ಐನೂರು ಮೈಲಿ.

"ನೀನs ಹೊಡೀಬಹುದಲ್ಲೋ," ಎಂದ ಉಪೇಂದ್ರ, ನಗೆಯ ದನಿಯಲ್ಲಿ, ವಿಷ್ಣುವಿನ ಧಾರವಾಡದ ಮಾತನ್ನೇ ಅಣಕಿಸುತ್ತ.

"ನಾನಾ? ನಾ ಧಾರವಾಡದಾಗ ಸ್ಕೂಟರ್ ಬಿಟ್ರ ಏನೂ ಹೊಡದಿಲ್ಲ. ಕಾರು ಕಲ್ತದ್ದ ಇಲ್ಲಿ, ಫೋರ್ಡ್ ರೋಡಿನ್ಯಾಗ. ಅದೂ ನೀನs ಕಲಿಸಿದ್ದು. ನನ್ನ ಕೈಯಾಗ ಎಡಗಡೆ ರಸ್ತೆ ಕೊಟ್ರ ಮೊದಲನೇ ಸರ್ಕಲ್‌ನ್ಯಾಗ ನಾಲ್ಕೂ ಮಂದಿ ಸ್ವರ್ಗಕ್ಕ. ನೀ ಬೆಂಗಳೂರಿನ್ಯಾಗ ಹತ್ತು ವರ್ಷ ಹೊಡದವ."

"ಅಣ್ಣಾರ ಗಾಡಿಯೊಳಗ ಕುಂತ್ರs ನನಗ ನಿದ್ದಿ ಬರೂದು," ಎಂದಳು ವಿಷ್ಣುವಿನ ಹೆಂಡತಿ ರೇಣು, ಅಡುಗೆ ಕಟ್ಟೆಯ ಬಳಿ ಕಾಫಿ ಸೋಸುತ್ತ. "ಇವರು ಹೊಡದ್ರ ನಾ ಎಕ್ಸಿಟ್ ನಂಬರ್ ಎಣಿಸ್ಕೋತ ಕೂಡ್ತೀನಿ."

ಅವಳ ಪಕ್ಕದಲ್ಲಿ ಲೋಟಗಳನ್ನು ಸಾಲಾಗಿಡುತ್ತಿದ್ದ ಇಂದುಮತಿ ತಿರುಗಿ ಗಂಡನನ್ನು ನೋಡಿದಳು. ಉಪೇಂದ್ರ ಪರ್ಸು ತೆಗೆದ. ಮಿಶಿಗನ್ ಲೈಸೆನ್ಸಿನಲ್ಲಿ ಒಂದು ಅಕ್ಷರ, ಹನ್ನೆರಡು ಅಂಕಿ. ಒಂದೊಂದನ್ನೂ ಬಿಡಿಸಿ ಓದಿ ಹೇಳಿದ. ವಿಷ್ಣು ಬರೆದುಕೊಂಡು, ಇನ್ನೊಮ್ಮೆ ಓದಿಸಿ, ಗುಂಡಿ ಒತ್ತಿದ.

"ಮುಗೀತು. ಸೆಪ್ಟೆಂಬರ್ ಐದಕ್ಕ ಗಾಡಿ ರೆಡಿ."

ಇಂದುಮತಿ ತನ್ನ ಲೋಟದ ಕಾಫಿಯನ್ನು ಕುಡಿಯಲಿಲ್ಲ.

ಆ ಲೈಸೆನ್ಸು ಪರ್ಸಿನಲ್ಲಿತ್ತು ನಿಜ. ಅದನ್ನು ಬಳಸುವ ಹಾಗಿರಲಿಲ್ಲ. ಮಾರ್ಚ್ ಹದಿನಾಲ್ಕು, ಶುಕ್ರವಾರ, ವಿಕ್ಸಮ್‌ನ ಇಂಡಸ್ಟ್ರಿಯಲ್ ಪಾರ್ಕಿನ ಬ್ರೇಕ್ ಪರೀಕ್ಷಾ ಲ್ಯಾಬಿನಲ್ಲಿ ಉಪೇಂದ್ರ ಒಂದು ಗ್ರಾಫ್ ನೋಡುತ್ತ ನಿಂತಿದ್ದ. ಅದಾದ ಮೇಲೆ ಅವನಿಗೆ ನೆನಪಿರುವುದು ಆಂಬುಲೆನ್ಸಿನ ಒಳಛಾವಣಿ. ನಡುವಿನ ಎರಡು ನಿಮಿಷವನ್ನು ಅವನಿಗೆ ವಿವರಿಸಿದವನು ಪಕ್ಕದಲ್ಲಿದ್ದ ಟೆಕ್ನಿಶಿಯನ್. ಬಿದ್ದದ್ದು, ಕೈಕಾಲು ಸೆಟೆದದ್ದು, ನಾಲಿಗೆ ಕಚ್ಚಿಕೊಂಡದ್ದು. ಸ್ಕ್ಯಾನಿನಲ್ಲಿ ಗಡ್ಡೆ ಗಿಡ್ಡೆ ಏನೂ ಕಾಣಲಿಲ್ಲ. ಕಾರಣ ಗೊತ್ತಾಗಲಿಲ್ಲ. ನರರೋಗದ ವೈದ್ಯೆ ದಿನಕ್ಕೆರಡು ಮಾತ್ರೆ ಬರೆದು, ಏಣಿ ಹತ್ತಬಾರದು, ಒಬ್ಬನೇ ಈಜಬಾರದು, ಆರು ತಿಂಗಳು ಕಾರು ಓಡಿಸಬಾರದು ಎಂದಿದ್ದರು. ಆರು ತಿಂಗಳು ಮುಗಿಯುವುದು ಸೆಪ್ಟೆಂಬರ್ ಹದಿನಾಲ್ಕಕ್ಕೆ.

ಆಫೀಸಿನಲ್ಲಿ ಮ್ಯಾನೇಜರಿಗೆ ಗೊತ್ತಿತ್ತು. ಇಲಿನಾಯ್‌ನ ಲೊಂಬಾರ್ಡ್‌ನಲ್ಲಿದ್ದ ಮಗಳು ಆಶ್ರಿತಾಗೆ ಗೊತ್ತಿತ್ತು. ಸ್ನೇಹಿತರಿಗೆ ಬೆನ್ನುನೋವು ಎಂದು ಹೇಳಲಾಗಿತ್ತು. ವಾರಕ್ಕೆ ಮೂರು ದಿನ ಇಂದುಮತಿ, ಎರಡು ದಿನ ವಿಷ್ಣು ಅವನನ್ನು ವಿಕ್ಸಮ್‌ಗೆ ಬಿಡುತ್ತಿದ್ದರು. ಮೊದಲ ವಾರವೇ ವಿಷ್ಣು ಬೆನ್ನಿಗೆ ಒತ್ತಿಕೊಳ್ಳುವ ದಿಂಬೊಂದನ್ನು ತಂದು ತನ್ನ ಕಾರಿನ ಸೀಟಿಗೆ ಕಟ್ಟಿದ್ದ.

ಸುಳ್ಳು ಹೇಳಬೇಕೆಂದು ಉಪೇಂದ್ರ ಕೂತು ಯೋಚಿಸಿದ್ದಿಲ್ಲ. ಇಪ್ಪತ್ತೆರಡು ವರ್ಷಗಳಿಂದ ಆ ಬಳಗದಲ್ಲಿ ಅವನು ಕಾರು ಓಡಿಸುವವನಾಗಿದ್ದ. ಹಿಮ ಬೀಳುವ ದಿನ ಏರ್‌ಪೋರ್ಟಿಗೆ ಹೋಗಬೇಕಾದವರು ಅವನಿಗೆ ಫೋನ್ ಮಾಡುತ್ತಿದ್ದರು. ಹೊಸದಾಗಿ ಬಂದವರಿಗೆ ನೋವೈ ಮಾಲ್‌ನ ಖಾಲಿ ಪಾರ್ಕಿಂಗಿನಲ್ಲಿ, ಮಂಜುಗಡ್ಡೆಯ ಮೇಲೆ ಗಾಡಿ ಜಾರಿದರೆ ಸ್ಟೀರಿಂಗ್ ಯಾವ ಕಡೆ ತಿರುಗಿಸಬೇಕೆಂದು ಅವನೇ ಕಲಿಸಿದ್ದ. ನಯಾಗರಾ, ಸ್ಮೋಕಿ ಬೆಟ್ಟ, ಪಿಟ್ಸ್‌ಬರ್ಗ್ ದೇವಸ್ಥಾನ, ಎಲ್ಲ ಕಡೆಯೂ ಮುಂದಿನ ಗಾಡಿ ಅವನದು. ಬೆನ್ನುನೋವು ಅಂದರೆ ಮತ್ತೆ ಸ್ಟೀರಿಂಗ್ ಹಿಡಿಯುತ್ತಾನೆ ಎಂದು ಜನ ಕಾಯುತ್ತಾರೆ. ಇನ್ನೊಂದನ್ನು ಹೇಳಿದರೆ ಕಾಯುವುದಿಲ್ಲ ಎಂದು ಅವನಿಗೆ ಅನ್ನಿಸಿತ್ತು.

ಮನೆಗೆ ಹೋಗುವಾಗ ಇಂದುಮತಿಯೇ ಡ್ರೈವ್ ಮಾಡಿದಳು. ನಲವತ್ತೈದು ಮೈಲಿ ವೇಗದ ರಸ್ತೆಯಲ್ಲಿ ಮೂವತ್ತೆಂಟು.

"ಯಾಕ್ರೀ ನಂಬರ್ ಕೊಟ್ರಿ?"

"ಫಾರ್ಮ್‌ನಲ್ಲಿ ಕೇಳಿದ್ರು."

"ನಾನು ತಮಾಷೆ ಮಾಡ್ತಿಲ್ಲ."

"ಒಂಬತ್ತು ದಿನ, ಇಂದೂ. ಬರೀ ಒಂಬತ್ತು ದಿನ ಕಡಿಮೆ. ಎಂಟು ವಾರದಿಂದ ಏನಾದ್ರೂ ಆಗಿದೆಯಾ? ಒಂದು ಮಾತ್ರೆ ಬಿಟ್ಟಿಲ್ಲ. ಆರು ತಿಂಗಳು ಅನ್ನೋದು ಅವರು ಹೇಳೋ ಒಂದು ರೌಂಡ್ ನಂಬರ್ ಅಷ್ಟೆ."

"ನಿಮ್ಮ ಲ್ಯಾಬಲ್ಲಿ ಯಾರಾದ್ರೂ ಹಾಗಂದ್ರೆ ಬ್ರೇಕ್ ಪಾಸ್ ಮಾಡ್ತೀರಾ?"

ಮುಂದಿನ ಸಿಗ್ನಲ್ಲಿನಲ್ಲಿ ಹಳದಿ ಬಿದ್ದಾಗ ಉಪೇಂದ್ರನ ಬಲಗಾಲು ನೆಲದ ಹಾಸನ್ನು ಒತ್ತಿತು. ಅದನ್ನು ಇಂದುಮತಿ ನೋಡಿದಳು, ನೋಡಲಿಲ್ಲವೆಂಬಂತೆ ಕಾರು ನಿಲ್ಲಿಸಿದಳು.

"ಕಾರಿಲ್ದೆ ಪ್ಲಾನ್ ಮಾಡಿ," ಎಂದಳು.

"ಕಾರಿಲ್ದೆ ಹೈಲ್ಯಾಂಡ್ಸಾ? ಬಸ್ ಸ್ಟ್ಯಾಂಡ್ ನೋಡ್ಕೊಂಡು ವಾಪಸ್ ಬರಬೇಕಷ್ಟೆ."

"ಆಗಲ್ಲ ಅಂದ್ರೆ ಆಗಲ್ಲ ಅಂತ ತೋರಿಸಿ. ಹೋಗೋದೇ ಬೇಡ, ವಿಷ್ಣುಗೆ ನಾನೇ ಹೇಳ್ತೀನಿ. ಆದ್ರೆ ನೀವು ಸ್ಟೀರಿಂಗ್ ಹಿಂದೆ ಕೂರೋದಾದ್ರೆ ನಾನು ವಿಮಾನಾನೇ ಹತ್ತಲ್ಲ." ಹಸಿರು ಬಿತ್ತು. ಹಿಂದಿನವನು ಹಾರ್ನ್ ಮಾಡುವವರೆಗೂ ಅವಳು ಹೊರಡಲಿಲ್ಲ. "ಬೆಟ್ಟ ನೋಡಬೇಕು ಅಂತ ನನಗೂ ಆಸೆ ಇದೆ. ಅದನ್ನ ಇಟ್ಕೊಂಡೇ ಹೇಳ್ತಿದೀನಿ."

ಭಾನುವಾರ ಬೆಳಿಗ್ಗೆ ಎಂಟಕ್ಕೆ ಉಪೇಂದ್ರ ಊಟದ ಮೇಜಿಗೆ ಕೂತ. ಆಗುವುದಿಲ್ಲ ಎಂದು ತೋರಿಸುವುದೇ ಅವನ ಉದ್ದೇಶವಾಗಿತ್ತು. ಅದಕ್ಕೆ ಅವನಲ್ಲಿ ಒಂದು ಸಾಧನವೂ ಇತ್ತು. ಬ್ರೇಕಿನ ಕೆಲಸದಲ್ಲಿ ಎಲ್ಲದಕ್ಕೂ ಒಂದು ಕೋಷ್ಟಕ ಮಾಡುತ್ತಾರೆ. ಮೊದಲ ಕಾಲಮ್ಮಿನಲ್ಲಿ ಭಾಗದ ಹೆಸರು, ಎರಡನೆಯದರಲ್ಲಿ ಅದು ಮಾಡುವ ಕೆಲಸ, ಮೂರನೆಯದರಲ್ಲಿ ಅದು ಕೈಕೊಟ್ಟರೆ ಏನಾಗುತ್ತದೆ, ನಾಲ್ಕನೆಯದರಲ್ಲಿ ಆಗ ಕಾಪಾಡುವುದು ಯಾವುದು. ಒಂದು ಕೊಳವೆ ಸೋರಿದರೆ ಎರಡು ಚಕ್ರಗಳಾದರೂ ನಿಲ್ಲಬೇಕು. ನಾಲ್ಕನೆಯ ಕಾಲಮ್ಮಿನಲ್ಲಿ ಒಂದೇ ಒಂದು ಮನೆ ಖಾಲಿಯಿದ್ದರೂ ಆ ವಿನ್ಯಾಸ ಅವನ ಮೇಜಿನಿಂದ ಮುಂದೆ ಹೋಗುತ್ತಿರಲಿಲ್ಲ. ಇಪ್ಪತ್ತೆರಡು ವರ್ಷದಲ್ಲಿ ಅವನು ಹೀಗೆ ತಿರುಗಿಸಿ ಕಳಿಸಿದ ಕೋಷ್ಟಕಗಳಿಗೆ ಲೆಕ್ಕವಿಲ್ಲ. ಆಫೀಸಿನ ಹುಡುಗರು ಬೆನ್ನ ಹಿಂದೆ ಅವನನ್ನು 'ನಾಲ್ಕನೇ ಕಾಲಮ್' ಎಂದೇ ಕರೆಯುತ್ತಿದ್ದರು.

ಪ್ರವಾಸಕ್ಕೂ ಅದೇ ಕೋಷ್ಟಕ ಹಾಕಿದ. ನಾಲ್ಕನೆಯ ಕಾಲಮ್ಮಿನ ತಲೆಯಲ್ಲಿ 'ತಪ್ಪಿದರೆ?' ಎಂದು ಬರೆದ.

ಮೊದಲ ಸಾಲುಗಳು ಅವನಿಗೆ ಇಷ್ಟವಾಗದಷ್ಟು ಸಲೀಸಾಗಿ ತುಂಬಿದವು. ಎಡಿನ್‌ಬರೋ ವಿಮಾನ ನಿಲ್ದಾಣದಿಂದ ಊರಿಗೆ ಟ್ರ್ಯಾಮು. ಎರಡು ದಿನ ಎಡಿನ್‌ಬರೋದಲ್ಲಿ ನಡೆದೇ ಓಡಾಡಬಹುದು. ಅಲ್ಲಿಂದ ಗ್ಲಾಸ್ಗೋಗೆ ರೈಲು, ಐವತ್ತು ನಿಮಿಷ, ಒಂದು ಹೋದರೆ ಹದಿನೈದು ನಿಮಿಷದಲ್ಲಿ ಇನ್ನೊಂದು. ಗ್ಲಾಸ್ಗೋದಿಂದ ಫೋರ್ಟ್ ವಿಲಿಯಮ್‌ಗೆ ಬೆಟ್ಟಗಳ ನಡುವಿನ ರೈಲು, ನಾಲ್ಕು ಗಂಟೆಗೆ ಸ್ವಲ್ಪ ಕಡಿಮೆ. ಅಲ್ಲಿಗೆ ಅವನು ತಡೆದು ನಿಂತ. ದಿನಕ್ಕೆ ಮೂರೋ ನಾಲ್ಕೋ ರೈಲು ಅಷ್ಟೆ. ಅವನಿಗೆ ಬೇಕಾದದ್ದು ಸಿಕ್ಕಿತ್ತು.

ಲೊಂಬಾರ್ಡ್‌ಗೆ ಫೋನ್ ಮಾಡಿದ. ಆಶ್ರಿತಾ ಮೂರು ವರ್ಷದಿಂದ ಅಲ್ಲಿಂದ ಶಿಕಾಗೋ ಪೇಟೆಯ ಕೆಲಸಕ್ಕೆ ರೈಲಿನಲ್ಲೇ ಓಡಾಡುತ್ತಿದ್ದಳು. ಅವಳಿಗೊಂದು ಕಾರು ಕೊಡಿಸುತ್ತೇನೆಂದು ಅವನು ಪ್ರತಿ ಹುಟ್ಟುಹಬ್ಬಕ್ಕೂ ಹೇಳಿ ಬೇಡವೆನಿಸಿಕೊಂಡಿದ್ದ.

"ನಿನ್ನ ರೈಲು ತಪ್ಪಿ ಹೋದ್ರೆ ಏನ್ ಮಾಡ್ತೀಯ?"

"ಯು ಟೇಕ್ ದ ನೆಕ್ಸ್ಟ್ ಒನ್, ಅಪ್ಪಾ."

"ಅದೂ ಬರಲಿಲ್ಲ ಅಂದ್ರೆ?"

"ದೆನ್ ಯು ವೇಟ್. ದಟ್ಸ್ ದ ಹೋಲ್ ಥಿಂಗ್." ಒಂದು ಕ್ಷಣ ಬಿಟ್ಟು ಕೇಳಿದಳು: "ವಿಷ್ಣು ಅಂಕಲ್‌ಗೆ ಹೇಳಿದ್ಯಾ?"

"ನಾನು ರೈಲಿನ ವಿಷಯ ಕೇಳಿದ್ದು."

"ಓಕೆ ಅಪ್ಪಾ," ಎಂದಳು. ಆ 'ಓಕೆ'ಯಲ್ಲಿ ಅವಳ ತಾಯಿಯ ದನಿ ಇತ್ತು.

ಮುಂದಿನದಕ್ಕೆ ಕಾಯುವುದು ಎಂಬುದು ನಾಲ್ಕನೆಯ ಕಾಲಮ್ಮಿನಲ್ಲಿ ಬರೆಯುವಂಥ ಮಾತಲ್ಲ ಎಂದುಕೊಂಡು ಉಪೇಂದ್ರ ತನ್ನದೇ ರೀತಿ ಹಿಡಿದ. ಗ್ಲಾಸ್ಗೋ ದಾಟಿದ ಮೇಲಿನ ಒಂದೊಂದು ಸ್ಟೇಷನ್ನಿಗೂ ಫೋರ್ಟ್ ವಿಲಿಯಮ್‌ನಿಂದ ಟ್ಯಾಕ್ಸಿ ಬರಲು ಎಷ್ಟು ಹೊತ್ತು ಬೇಕೆಂದು ಫೋನಿನ ನಕಾಶೆಯಲ್ಲಿ ನೋಡಿ ಬರೆಯುತ್ತ ಹೋದ. ಕ್ರಿಯಾನ್‌ಲಾರಿಕ್, ಹೆದ್ದಾರಿ ಪಕ್ಕದಲ್ಲೇ. ಬ್ರಿಜ್ ಆಫ್ ಆರ್ಕಿ, ಹೆದ್ದಾರಿಯೇ. ಅಲ್ಲಿಂದ ರೈಲು ಬಲಕ್ಕೆ, ರಸ್ತೆ ಎಡಕ್ಕೆ ಬೇರೆಯಾದವು. ರಾನಕ್ ಸ್ಟೇಷನ್ನಿಗೆ ಪೂರ್ವದಿಂದ ಒಂದೇ ರಸ್ತೆ, ಅದು ಸ್ಟೇಷನ್ನಿನ ಬಾಗಿಲಿಗೆ ಬಂದು ಮುಗಿದುಹೋಗುತ್ತಿತ್ತು. ಟ್ಯಾಕ್ಸಿ ದೊಡ್ಡ ಸುತ್ತು ಹಾಕಿ ಬರಬೇಕು, ಎರಡು ಗಂಟೆಗಿಂತ ಹೆಚ್ಚು. ಬರೆದುಕೊಂಡ. ಅದರ ಮುಂದಿನ ಸ್ಟೇಷನ್ ಕೊರೌರ್.

ದಾರಿ ಸಿಗುತ್ತಿಲ್ಲ ಎಂದಿತು ಫೋನು.

ಹೆಸರು ತಪ್ಪು ಬರೆದೆನೆಂದು ಮತ್ತೆ ಬರೆದ. ದಾರಿ ಸಿಗುತ್ತಿಲ್ಲ. ಆ್ಯಪ್ ಮುಚ್ಚಿ ತೆರೆದ. ವೈಫೈ ಆರಿಸಿ ಹಾಕಿದ. ಲ್ಯಾಪ್‌ಟಾಪಿನಲ್ಲಿ ಬೇರೊಂದು ನಕಾಶೆ ತೆರೆದ. ಅದರಲ್ಲಿ ಸ್ಟೇಷನ್ ಇತ್ತು, ಹಳಿಯ ಕಪ್ಪು ಗೆರೆ ಇತ್ತು, ಅದಕ್ಕೆ ಬಂದು ಸೇರುವ ಹಳದಿ ಗೆರೆ ಯಾವುದೂ ಇರಲಿಲ್ಲ. ಯಾರೋ ದತ್ತಾಂಶ ತುಂಬುವುದನ್ನು ಮರೆತಿದ್ದಾರೆ ಎಂದು ತೀರ್ಮಾನಿಸಿದ. ಕಾರುಗಳ ಊರಾದ ಡೆಟ್ರಾಯಿಟ್ ಸುತ್ತಮುತ್ತ ಇಪ್ಪತ್ತೆರಡು ವರ್ಷ ಬದುಕಿದವನಿಗೆ ಅದಕ್ಕಿಂತ ಸಹಜವಾದ ತೀರ್ಮಾನ ಹೊಳೆಯುವುದು ಕಷ್ಟ.

ಆ ಸ್ಟೇಷನ್ನಿನ ಹತ್ತಿರ ಸರೋವರದ ದಡದಲ್ಲಿ ಇಳಿದುಕೊಳ್ಳಲು ಜಾಗ ಕೊಡುವವರ ಫೋನ್ ನಂಬರ್ ಸಿಕ್ಕಿತು. ಇಲ್ಲಿ ಹತ್ತು ಮುಕ್ಕಾಲು, ಅಲ್ಲಿ ಮಧ್ಯಾಹ್ನ ಮೂರು ಮುಕ್ಕಾಲು. ಏಳನೆಯ ರಿಂಗಿಗೆ ಒಬ್ಬ ಹೆಂಗಸು ಎತ್ತಿದಳು. ಹಿಂದೆ ಗಾಳಿಯ ಸದ್ದು.

ತಾನು ಅಮೆರಿಕದಿಂದ ಮಾತಾಡುತ್ತಿರುವುದಾಗಿಯೂ ನಕಾಶೆಯಲ್ಲಿ ಅವರ ರಸ್ತೆ ಬಿಟ್ಟುಹೋಗಿರುವುದಾಗಿಯೂ ಉಪೇಂದ್ರ ತಿಳಿಸಿದ. ಬಿಟ್ಟುಹೋಗಿಲ್ಲ, ರಸ್ತೆಯೇ ಇಲ್ಲ ಎಂದಳು ಅವಳು. ಎಸ್ಟೇಟಿನವರ ಮಣ್ಣಿನ ದಾರಿ ಒಂದಿದೆ, ಅದರ ಗೇಟಿಗೆ ಬೀಗ. ಕಾರು ಬರಬಹುದಾದ ರಸ್ತೆ ಅಂದರೆ ಹತ್ತು ಮೈಲಿ ಆಚೆ. ಎಲ್ಲರೂ ರೈಲಿನಲ್ಲೇ ಬರುತ್ತಾರೆ. ಈ ದಿನದ ಬ್ರೆಡ್ಡೂ ರೈಲಿನಲ್ಲೇ ಬಂತು.

"ರೈಲು ಬರದಿದ್ದರೆ?" ಎಂದು ಕೇಳಿದ.

ಬರುತ್ತದೆ ಎಂದಳು. ತಡವಾದರೆ ಒಲೆ ಹಚ್ಚಿಕೊಂಡು ಕೂರುತ್ತೇವೆ. ಜಿಂಕೆಗಳು ಸ್ಟೇಷನ್ನಿಗೇ ಬರುತ್ತವೆ, ನೋಡುತ್ತ ಕೂರಬಹುದು. ನಿಮಗೆ ಹಾಸಿಗೆ ಎಷ್ಟು ಬೇಕು?

ಆಮೇಲೆ ತಿಳಿಸುತ್ತೇನೆಂದು ಫೋನ್ ಇಟ್ಟ. ಕೋಷ್ಟಕದ ಕಡೆ ನೋಡಿದ. ಕೊರೌರ್ ಸಾಲಿನ ನಾಲ್ಕನೆಯ ಮನೆ ಖಾಲಿ. ಅವನು ಬಯಸಿದ ಫಲಿತಾಂಶವೇ ಅದು. 'ಆಗುವುದಿಲ್ಲ' ಎಂದು ಬರೆದು ಇಂದುಮತಿಯನ್ನು ಕರೆಯಬಹುದಿತ್ತು. ಕರೆಯಲಿಲ್ಲ. ರಸ್ತೆಯೇ ಹೋಗದ ಕಡೆ ಹಳಿ ಹೇಗೆ ಹೋಯಿತು ಎಂಬುದು ಅವನಿಗೆ ತಿಳಿಯಬೇಕಾಗಿತ್ತು.

ಒಂದು ಗಂಟೆ ಓದಿದ. ಆ ಬಯಲು ಪೂರಾ ಜೌಗು. ನೂರಾರು ಚದರ ಮೈಲಿಯ ಕಂದು ಹುಲ್ಲು, ಕಪ್ಪು ನೀರಿನ ಗುಂಡಿಗಳು. ಹಳಿ ಹಾಕಲು ಬಂದವರು ಅಡಿಪಾಯಕ್ಕೆಂದು ಸುರಿದದ್ದನ್ನೆಲ್ಲ ಅದು ನುಂಗಿತ್ತು. ಕೊನೆಗೆ ಅವರು ನೆಲ ಹುಡುಕುವುದನ್ನೇ ಬಿಟ್ಟರು. ಮರದ ಬೇರು, ಕುರುಚಲು ಗಿಡದ ಕಟ್ಟುಗಳನ್ನು ಚಾಪೆಯ ಹಾಗೆ ಹಾಸಿ, ಅದರ ಮೇಲೆ ಸಾವಿರಾರು ಟನ್ ಮಣ್ಣು, ಬೂದಿ ಸುರಿದು, ಅದರ ಮೇಲೆ ಹಳಿ ಇಟ್ಟರು. 1894ರಲ್ಲಿ ಮೊದಲ ರೈಲು ಹೋಯಿತು. ಈಗಲೂ ಹೋಗುತ್ತಿದೆ.

ಉಪೇಂದ್ರ ಒಂದು ಕಾಗದ ಎಳೆದುಕೊಂಡು ಲೆಕ್ಕ ಹಾಕಿದ. ಎರಡು ಡಬ್ಬಿಯ ರೈಲು ಎಪ್ಪತ್ತು ಟನ್ನಿಗಿಂತ ಹೆಚ್ಚು. ಗಾಲಿ ಎಷ್ಟು, ಒಂದು ಗಾಲಿಯ ಮೇಲೆ ಭಾರ ಎಷ್ಟು. ಲೆಕ್ಕ ಸರಿಯಿತ್ತು, ಆದರೆ ಆ ಭಾರವನ್ನು ಹೊರುವ ನೆಲವೆಂದು ಕೆಳಗೊಂದು ಗೆರೆ ಎಳೆಯಲು ಅವನಿಗೆ ಕೈ ಬರಲಿಲ್ಲ. ಕೆಳಗೆ ಏನೂ ಇರಲಿಲ್ಲ. ತೇಲುವ ಬೇರಿನ ಚಾಪೆಯಷ್ಟೇ ಇತ್ತು. ನೂರಮೂವತ್ತು ವರ್ಷ ಮಳೆ, ಹಿಮ, ರೈಲು. ಪೆನ್ನು ಕೆಳಗಿಟ್ಟ.

"ಇಂದೂ, ಇಲ್ಲಿ ಬಾ," ಎಂದು ಕೂಗಿದ. ಇಂದುಮತಿ ಹಿತ್ತಿಲಿನಿಂದ ಮಣ್ಣಿನ ಕೈಯಲ್ಲೇ ಬಂದಳು. ಅವನು ಕೂಗಿದರೆ ಈಗ ಅವಳು ಹಾಗೇ ಬರುತ್ತಿದ್ದಳು, ಓಡುತ್ತ. ಅವನು ಕೂತೇ ಇದ್ದುದನ್ನು ಕಂಡು ಬಾಗಿಲ ಚೌಕಟ್ಟು ಹಿಡಿದು ಉಸಿರು ಬಿಟ್ಟಳು.

ಅವನು ಎಲ್ಲವನ್ನೂ ಹೇಳಿದ. ಹೆಂಗಸಿನ ಬ್ರೆಡ್ಡು, ಬೀಗದ ಗೇಟು, ಬೇರಿನ ಚಾಪೆ. ಹೇಳುವಾಗ ಅವನ ಕೈಗಳು ಮೇಜಿನ ಮೇಲೆ ಬೇರು ಹಾಸುತ್ತಿದ್ದವು. ಬಹಳ ದಿನಗಳಿಂದ ಅವನು ಒಂದೇ ಉಸಿರಿಗೆ ಇಷ್ಟು ಮಾತಾಡಿದ್ದಿಲ್ಲ.

"ಕೆಳಗೆ ಗಟ್ಟಿ ಏನೂ ಇಲ್ವಾ?"

"ಅವರಿಗೆ ಸಿಗಲೇ ಇಲ್ಲ."

"ಆದ್ರೂ ನಿಂತಿದೆ."

"ನಿಂತಿಲ್ಲ. ತೇಲ್ತಿದೆ."

ಇಂದುಮತಿ ಅವನ ಭುಜದ ಮೇಲಿಂದ ಬಾಗಿ ಪರದೆಯಲ್ಲಿದ್ದ ಚಿತ್ರ ನೋಡಿದಳು. ಪ್ಲಾಟ್‌ಫಾರ್ಮು, ಒಂದು ಬೆಂಚು, ಸುತ್ತ ಕಣ್ಣು ಹಾಯುವವರೆಗೂ ಏನಿಲ್ಲ, ಅಂಚಿನಲ್ಲಿ ಬೆಟ್ಟಗಳು. "ಅಬ್ಬಾ," ಎಂದಳು ಮೆಲ್ಲಗೆ. ನಂತರ ಕೋಷ್ಟಕ ನೋಡಿದಳು.

"ಕಾರಿನ ಪ್ಲಾನಿಗೂ ಇದೇ ಟೇಬಲ್ ಮಾಡಿದ್ರಾ?"

"ಅದಕ್ಕೇನು ಬೇಕು? ಕಾರು ಕೆಟ್ಟರೆ ರೋಡ್‌ಸೈಡ್ ಸರ್ವಿಸ್. ಟೈರ್ ಪಂಚರ್ ಆದ್ರೆ ಸ್ಪೇರ್."

ಅವಳು ಕೈ ತೊಳೆಯಲು ಹೋದಳು.

ಉಪೇಂದ್ರ ಹೊಸ ಹಾಳೆ ತೆರೆದು ಕಾರಿನ ಪ್ರವಾಸದ ಕೋಷ್ಟಕ ಹಾಕಿದ. ಟೈರು, ಎಂಜಿನು, ಮಳೆ, ಕಿರಿದಾದ ರಸ್ತೆ. ಹತ್ತು ನಿಮಿಷದಲ್ಲಿ ಎಲ್ಲ ತುಂಬಿತು. ಕೊನೆಯ ಸಾಲಿನಲ್ಲಿ 'ಚಾಲಕ' ಎಂದು ಬರೆದ. ಕೆಲಸ: ಓಡಿಸುವುದು. ಕೈಕೊಟ್ಟರೆ: ಎರಡು ನಿಮಿಷ. ಗಂಟೆಗೆ ಐವತ್ತು ಮೈಲಿಯಲ್ಲಿ ಎರಡು ನಿಮಿಷಕ್ಕೆ ಒಂದೂಮುಕ್ಕಾಲು ಮೈಲಿಗಿಂತ ಸ್ವಲ್ಪ ಕಡಿಮೆ. ನಾಲ್ಕನೆಯ ಮನೆಯಲ್ಲಿ ಕರ್ಸರ್ ಮಿನುಗುತ್ತ ನಿಂತಿತು. ಪಕ್ಕದ ಸೀಟಿನಲ್ಲಿ ವಿಷ್ಣು, ಎಡಗಡೆ ರಸ್ತೆ ಗೊತ್ತಿಲ್ಲದವನು. ಹಿಂದೆ ಇಂದುಮತಿ. ಅವಳ ಪಕ್ಕದಲ್ಲಿ ರೇಣು, ನಿದ್ದೆಯಲ್ಲಿ.

ಇಂಥ ಕೋಷ್ಟಕವನ್ನು ಬೇರೆ ಯಾರಾದರೂ ತಂದಿದ್ದರೆ ಅವನು ಏನು ಮಾಡುತ್ತಿದ್ದನೆಂದು ಅವನಿಗೆ ಗೊತ್ತಿತ್ತು.

ಮುಂದಿನ ಶನಿವಾರ ವಿಷ್ಣು, ರೇಣು ಊಟಕ್ಕೆ ಬಂದರು. ಇಂದುಮತಿ ಮಜ್ಜಿಗೆಹುಳಿ, ಚಿತ್ರಾನ್ನ ಮಾಡಿದ್ದಳು. ಊಟವಾಗುತ್ತಲೇ ಉಪೇಂದ್ರ ಲ್ಯಾಪ್‌ಟಾಪನ್ನು ಟಿವಿಗೆ ಜೋಡಿಸತೊಡಗಿದ.

"ಟೇಬಲ್ ಆಮೇಲೆ," ಎಂದಳು ಇಂದುಮತಿ. "ಮೊದ್ಲು ಹೇಳಿ."

"ಏನ ಹೇಳೂದು?" ಎಂದ ವಿಷ್ಣು. "ಏನಾತು? ಡೇಟ್ ಬದಲಾತೇನು?"

ಉಪೇಂದ್ರ ಕೇಬಲ್ಲನ್ನು ಕೈಯಲ್ಲೇ ಹಿಡಿದು ನಿಂತಿದ್ದ. "ನನಗೆ ಬೆನ್ನುನೋವಿಲ್ಲ ವಿಷ್ಣು. ಮಾರ್ಚಲ್ಲಿ ಲ್ಯಾಬಲ್ಲಿ ಫಿಟ್ಸ್ ಬಂತು. ಸೆಪ್ಟೆಂಬರ್ ಹದಿನಾಲ್ಕರ ತನಕ ನಾನು ಡ್ರೈವ್ ಮಾಡೋ ಹಾಗಿಲ್ಲ. ಆಮೇಲೂ ಡಾಕ್ಟರ್ ನೋಡಿ ಹೇಳಬೇಕು."

ವಿಷ್ಣು ಬೆರಳು ಮಡಿಚಿ ಎಣಿಸಿದ.

"ಎಂಟು ವಾರ," ಎಂದ ವಿಷ್ಣು. "ಒಂಬತ್ತು. ಒಂಬತ್ತು ವಾರ ನಿನ್ನ ಬೆನ್ನಿಗೆ ದಿಂಬಿಟ್ಟು ಕರಕೊಂಡು ಹೋಗೀನಿ. ಸಾವಕಾಶ ಹತ್ತಪಾ, ಸಾವಕಾಶ ಇಳೀಪಾ ಅಂತ. ಅದನ್ನ ತಲಿಗೆ ಕಟ್ಟಬೇಕಾಗಿತ್ತೇನಲೇ?"

ಯಾರೂ ನಗಲಿಲ್ಲ. ವಿಷ್ಣುವೂ ನಗಲಿಲ್ಲ.

"ಅಣ್ಣಾ," ಎಂದಳು ರೇಣು. "ಹೋದ ವಾರ ನಂಬರ್ ಕೊಟ್ಟಿರಲ್ರಿ."

"ಕೊಟ್ಟೆ."

"ಗೊತ್ತಿದ್ದೂ?"

"ಗೊತ್ತಿದ್ದೂ."

ರೇಣು ಎದ್ದು ತಟ್ಟೆಗಳನ್ನು ಜೋಡಿಸಿಕೊಂಡು ಸಿಂಕಿಗೆ ಹೋದಳು. ಡಿಶ್‌ವಾಷರ್ ಇದ್ದರೂ ನಲ್ಲಿ ತಿರುಗಿಸಿ ಕೈಯಲ್ಲೇ ಉಜ್ಜತೊಡಗಿದಳು. ಇಂದುಮತಿ ಅವಳ ಬಳಿಗೆ ಹೋಗಿ ಒರೆಸುವ ಬಟ್ಟೆ ಹಿಡಿದು ನಿಂತಳು.

"ನನಗರ ಹೇಳಬೇಕಿತ್ತು," ಎಂದ ವಿಷ್ಣು, ದನಿ ಇಳಿಸಿ. "ಹೇಳಿದ್ರ ನಾ ಏನು ಊರೆಲ್ಲಾ ಡಂಗುರ ಹೊಡೀತಿದ್ನೇನು?"

"ಹೊಡೀತಿದ್ದೆ."

"ಹೊಡೀತಿದ್ದೆ ಖರೆ," ಎಂದು ಒಪ್ಪಿಕೊಂಡ ವಿಷ್ಣು. "ಆದ್ರ ಬೆಳಿಗ್ಗೆ ಕರಕೊಂಡು ಹೋಗೂದನ್ನ ಬಿಡ್ತಿದ್ದಿಲ್ಲ." ಫೋನ್ ತೆಗೆದು ಏನನ್ನೋ ಹುಡುಕಿದ. ಕನ್ನಡಕ ಹಣೆಗೇರಿಸಿ, ಮತ್ತೆ ಇಳಿಸಿ, ಎರಡು ಸಲ ಒತ್ತಿದ. "ಗಾಡಿ ಕ್ಯಾನ್ಸಲ್. ಆತಲ್ಲ? ಈಗ ಹೇಳು. ಗಾಡಿ ಇಲ್ದ ನೀ ನಮಗ ಏನು ತೋರಸ್ತಿ?"

ಉಪೇಂದ್ರ ಕೇಬಲ್ ಸಿಕ್ಕಿಸಿದ. ಕೋಷ್ಟಕ ತೆರೆಯಲಿಲ್ಲ. ನಕಾಶೆ ತೆರೆದು, ಗ್ಲಾಸ್ಗೋದಿಂದ ಮೇಲೆ ಹೋಗುವ ಕಪ್ಪು ಗೆರೆಯನ್ನು ಹಿಡಿದು ಮೆಲ್ಲಗೆ ಮೇಲಕ್ಕೆ ಸರಿಸುತ್ತ ಹೋದ. ಊರುಗಳು ಕಡಿಮೆಯಾದವು. ಹೆದ್ದಾರಿ ಎಡಕ್ಕೆ ತಿರುಗಿ ಪರದೆಯಿಂದ ಆಚೆ ಹೋಯಿತು. ಕಪ್ಪು ಗೆರೆಯೊಂದೇ ಉಳಿಯಿತು. ಕೊರೌರ್‌ಗೆ ಬಂದು ನಿಲ್ಲಿಸಿದ.

"ಇಲ್ಲಿ ಒಂದು ರಾತ್ರಿ," ಎಂದ.

"ರಸ್ತೆ ಎಲ್ಲೈತಿ?"

"ಇಲ್ಲ."

"ಇಲ್ಲ ಅಂದ್ರ? ಝೂಮ್ ಮಾಡು."

ಉಪೇಂದ್ರ ಮೌಸನ್ನು ಅವನ ಕಡೆಗೆ ತಳ್ಳಿದ. ವಿಷ್ಣು ಝೂಮ್ ಮಾಡಿದ. ಉತ್ತರಕ್ಕೆ ಹೋದ, ದಕ್ಷಿಣಕ್ಕೆ ಬಂದ, ಸರೋವರವೊಂದನ್ನು ಪೂರ್ತಿ ಸುತ್ತಿದ. ಸಣ್ಣ ಮಣ್ಣಿನ ಗೆರೆಯೊಂದು ಸಿಕ್ಕಿ "ಇದ ನೋಡು" ಎಂದು ಅದರ ಬೆನ್ನುಹತ್ತಿದ. ಅದು ಎಸ್ಟೇಟಿನದು, ಗೇಟಿಗೆ ಬೀಗ ಎಂದ ಉಪೇಂದ್ರ. ವಿಷ್ಣು ಇಪ್ಪತ್ತು ವರ್ಷ ಕಾರಿನ ಬಾಗಿಲಿನ ಬೀಗಗಳ ವಿನ್ಯಾಸ ಮಾಡಿದವನು. ರಸ್ತೆ ಸಿಗದೆ ಮೌಸು ಬಿಡುವ ಜಾತಿಯವನಲ್ಲ. ಐದು ನಿಮಿಷ ಹುಡುಕಿ, ಕೈ ತೆಗೆದು ಹಿಂದಕ್ಕೊರಗಿ ಕೂತ.

"ಖರೇನs ಇಲ್ಲಲೇ," ಎಂದ.

ಉಪೇಂದ್ರ ಬೇರಿನ ಚಾಪೆಯ ವಿಷಯ ಹೇಳಿದ. ವಿಷ್ಣು ಒಮ್ಮೆಯೂ ನಡುವೆ ಬಾಯಿ ಹಾಕಲಿಲ್ಲ. ಅವನನ್ನು ಬಲ್ಲವರಿಗೆ ಅದು ಸಣ್ಣ ಸಂಗತಿಯಲ್ಲ.

ಸಿಂಕಿನ ನಲ್ಲಿ ಯಾವಾಗಲೋ ನಿಂತಿತ್ತು. ರೇಣು ಸೆರಗಿನ ಬದಲು ಕುರ್ತಾದ ಅಂಚಿಗೆ ಕೈ ಒರೆಸಿಕೊಳ್ಳುತ್ತ ಬಂದು ವಿಷ್ಣುವಿನ ಕುರ್ಚಿಯ ಹಿಂದೆ ನಿಂತಿದ್ದಳು. ಉಪೇಂದ್ರನ ಕಡೆ ನೋಡಲಿಲ್ಲ. ಟಿವಿಯನ್ನೇ ನೋಡುತ್ತ ಕೇಳಿದಳು.

"ಅಲ್ಲಿ ಇರೋರಿಗೆ ಆರಾಮಿಲ್ಲ ಅಂದ್ರ ಏನು ಮಾಡ್ತಾರ?"

"ರೈಲು ಬರೋ ತನಕ ಯಾರಾದ್ರೂ ಪಕ್ಕದಲ್ಲಿ ಕೂತಿರ್ತಾರೆ ಅನ್ಸತ್ತೆ," ಎಂದ ಉಪೇಂದ್ರ. "ನಾನು ಕೇಳಲಿಲ್ಲ."

"ಕೇಳಬೇಕಿತ್ತು."

"ಕೇಳ್ತೀನಿ."

ರೇಣು ಕೂರಲಿಲ್ಲ. ಇಂದುಮತಿ ಬಂದು ಮೇಜಿನ ಅಂಚಿಗೆ ಒರಗಿದಳು. "ನಿಜವಾದ ಫೋಟೋ ಹಾಕಿ, ಮೇಲಿಂದ ತೆಗೆದದ್ದು," ಎಂದಳು.

ಉಪೇಂದ್ರ ಉಪಗ್ರಹದ ಚಿತ್ರಕ್ಕೆ ಬದಲಾಯಿಸಿದ. ಗೆರೆಗಳು, ಅಕ್ಷರಗಳು ಹೋದವು. ಗೋಡೆಯಷ್ಟಗಲ ಕಂದು ಬಯಲು ಬಂತು, ಅದರ ತುಂಬ ಕಪ್ಪು ನೀರಿನ ಸಾವಿರ ಚೂರು. ಮೋಡದ ನೆರಳೊಂದು ಬೆಟ್ಟದ ಮೈಮೇಲೆ ಬಿದ್ದಿತ್ತು. ಅವನು ಹಳಿಯ ಗುಂಟ ಸರಿಸುತ್ತ ಹೋದ. ಒಂದು ಮೈಲಿ, ಎರಡು ಮೈಲಿ.

"ಅಲ್ಲಿ," ಎಂದಳು ರೇಣು.

ಚಿತ್ರ ತೆಗೆದ ದಿನ, ಆ ಕ್ಷಣ, ಆ ಹಳಿಯ ಮೇಲೊಂದು ರೈಲು ಇತ್ತು. ಬೆಂಕಿಕಡ್ಡಿಯ ಚೂರಿನಷ್ಟು. ಉಪೇಂದ್ರ ದೊಡ್ಡದು ಮಾಡಿದ. ಎರಡು ಡಬ್ಬಿ, ನೀಲಿ ಛಾವಣಿ. ಯಾವ ಕಡೆಗೆ ಹೋಗುತ್ತಿತ್ತೆಂದು ಹೇಳುವಂತಿರಲಿಲ್ಲ. ಅದರ ನೆರಳು ಪಕ್ಕದ ಜೌಗಿನ ಮೇಲೆ, ನೀರಿದ್ದಲ್ಲಿ ನೀರಿನ ಮೇಲೆ, ಉದ್ದವಾಗಿ ಬಿದ್ದಿತ್ತು. ನಾಲ್ವರೂ ಅದನ್ನೇ ನೋಡುತ್ತಿದ್ದರು.